ಜೇಬಿನೊಳಗಿನ ಟೈಮರ್

ಕ್ಲಿಯರ್ ಲೇಕ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಾಕೆಯ ಕುರ್ತಾದ ಜೇಬಿನಲ್ಲಿ ಸದಾ ಒಂದು ಪುಟ್ಟ ಟೈಮರ್ ಇರುತ್ತಿತ್ತು. ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದ ಮಕ್ಕಳನ್ನಷ್ಟೇ ತೆಗೆದುಕೊಳ್ಳುವ ಶಾಲೆಗೆ ಮಗಳನ್ನು ಸೇರಿಸಲು ಆಕೆ ಪಣ ತೊಟ್ಟಿದ್ದಳು. ಚಪಾತಿ ಲಟ್ಟಿಸುತ್ತಲೇ ಲೆಕ್ಕ ಕೊಡುವಳು, ಟೈಮರ್ ಒತ್ತುವಳು. ಮಗು ಉಗುರು ಕಚ್ಚಿದರೆ, "ಗಾಬರಿ ಯಾಕೆ ಪುಟ್ಟಿ, ಟೈಮ್ ಇದೆ," ಎನ್ನುವಳು. ಟೈಮರ್ ಕೂಗಿದೊಡನೆ ಪೆನ್ಸಿಲ್ ಕೆಳಗಿಡಬೇಕು, ಕೈ ತೊಡೆಯ ಮೇಲಿರಬೇಕು.

ಪರೀಕ್ಷೆಯ ಹಿಂದಿನ ದಿನ ಇಬ್ಬರೂ ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಸಾರು ಬಿಸಿಯಾಗಿ ನಮ್ಮ ಮೈಕ್ರೊವೇವ್ ಕೂಗಿತು. ಹುಡುಗಿ ಚಮಚ ಕೆಳಗಿಟ್ಟು, ಕೈಗಳನ್ನು ತೊಡೆಯ ಮೇಲಿಟ್ಟು, ಅಲುಗಾಡದೆ ಕುಳಿತಳು. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು.

"ತಿನ್ನು ಪುಟ್ಟಿ," ಎಂದಳು ತಾಯಿ.

"ಹೌ ಮಚ್ ಟೈಮ್ ಡು ಐ ಹ್ಯಾವ್, ಅಮ್ಮಾ?"

ಆಕೆಯ ಕೈ ಜೇಬಿನತ್ತ ಹೋಗಿ, ಅಲ್ಲೇ ನಿಂತಿತು.