ಹೆಸರಿಲ್ಲದ ಫಿಲ್ಮು ಹಿಡಿದು ಭದ್ರಾವತಿಗೆ

ನಾನೂ ನನ್ನ ಹೆಂಡತಿ ಗಿರಿಜೆಯೂ ಶಿವಮೊಗ್ಗದಲ್ಲಿ ಬೆಳಗಿನ ರೈಲು ಹತ್ತಿದ್ದು ಒಂದು ಎಕ್ಸ್‌ರೇ ಫಿಲ್ಮನ್ನು ಭದ್ರಾವತಿಯ ಹಿರಿಯ ಡಾಕ್ಟರಿಗೆ ತೋರಿಸಲು. ನಮ್ಮ ಪೇಟೆಯಲ್ಲಿ ಹೊಸದಾಗಿ ಎಕ್ಸ್‌ರೇ ಯಂತ್ರ ಇಟ್ಟಿದ್ದವನು ಅವಳ ಎದೆಯ ಚಿತ್ರ ತೆಗೆದು, ಮರುದಿನ "ಕ್ಷಯ" ಎಂದು ಹೇಳಿ ಕಳಿಸಿದ್ದ. ಅಂದಿನಿಂದ ಅವಳು ಮಗುವನ್ನು ಮುಟ್ಟಿರಲಿಲ್ಲ. ಹೊಸಮನೆ ಕೇರಿಯಲ್ಲಿದ್ದ ನಮ್ಮ ಅತ್ತಿಗೆಯ ಕೈಗೆ ಕೊಟ್ಟು ದೂರದಿಂದ ನೋಡುತ್ತಿದ್ದಳು.

ರೈಲು ಸೌದೆಯ ವ್ಯಾಗನ್ನುಗಳಿಗೆಲ್ಲ ದಾರಿ ಬಿಟ್ಟು ನಿಂತು ನಿಂತು ಹೋಯಿತು. ಕಟ್ಟಿಕೊಂಡಿದ್ದ ಚಿತ್ರಾನ್ನವನ್ನು ಗಿರಿಜೆ ಮುಟ್ಟಲಿಲ್ಲ.

ಭದ್ರಾವತಿಯಲ್ಲಿ ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದರು.

"ಚಿತ್ರ ತೆಗೆಯೋವಾಗ ತಾಳಿ ತೆಗೆದಿಟ್ಟಿದ್ರಾ, ತಾಯಿ?"

"ಇಲ್ಲ. ಅವ್ರು ಹೇಳ್ಲೇ ಇಲ್ಲ."

"ಹೇಳ್ಬೇಕಿತ್ತು. ಚಿನ್ನ ಇದ್ರಲ್ಲಿ ಬೆಳ್ಳಗೆ ಕಾಣುತ್ತೆ. ಇಲ್ಲಿ ತಾಳಿನೇ ಇಲ್ಲ. ಹೆಸ್ರಿಲ್ಲ, ತಾರೀಕಿಲ್ಲ, ಎಡ ಬಲದ ಗುರುತೂ ಇಲ್ಲ. ಇದು ನಿಮ್ದಲ್ಲಮ್ಮ!"

ಗಿರಿಜೆ ಅಲ್ಲೇ ಕೂತು ಅತ್ತಳು. ನನ್ನ ಮೈ ಉರಿಯುತ್ತಿತ್ತು.

ಹಿಂದಿರುಗಲು ಸಿಕ್ಕಿದ್ದು ಪೆಟ್ರೋಲು ಸಿಗದ ಯುದ್ಧಕಾಲದಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದ ಬಸ್ಸು. ಮಾಚೇನಹಳ್ಳಿಯ ಬಳಿ ಅದು ಉಸಿರು ಬಿಟ್ಟಿತು. ನಾವೆಲ್ಲ ಇಳಿದು, ಬಿಸಿಲಲ್ಲಿ ಬೆವರಿ, ತಳ್ಳಿ, ಮಸಿ ಮುಖದಲ್ಲಿ ಊರು ಸೇರಿದೆವು. ನೆಟ್ಟಗೆ ಎಕ್ಸ್‌ರೇಯವನ ಅಂಗಡಿಗೆ ಹೋದೆ.

"ಅವತ್ತು ಇಬ್ರೇ ಬಂದಿದ್ದು ಸ್ವಾಮಿ," ಎಂದ ಅವನು. "ನಿಮ್ಮನೆಯವ್ರು, ಮಾಚೇನಹಳ್ಳಿ ತಿಮ್ಮೇಗೌಡ್ರು. ಇಬ್ರೇ ಅಲ್ವಾ, ಹೆಸ್ರು ಯಾಕೆ ಅಂತ ಬಿಟ್ಟೆ. ಬರೀಲೇಬೇಕು ಅಂತ ಯಾವ ಕಾನೂನಿದೆ?"

ಇರಲಿಲ್ಲ, ಅದೇ ಸಂಕಟ. ಆ ಸಂಜೆ ನಾವು ಹತ್ತಿದ ಜಟಕಾಕ್ಕೆ ಲೈಸೆನ್ಸಿತ್ತು, ನಂಬರಿತ್ತು, ದೀಪವಿಲ್ಲದಿದ್ದರೆ ದಂಡವಿತ್ತು. ಮನುಷ್ಯನ ಎದೆಯೊಳಗೆ ಇಣುಕುವ ಯಂತ್ರವನ್ನು ಪರೀಕ್ಷಿಸಲು ಯಾರೂ ಇರಲಿಲ್ಲ. ನಮ್ಮ ಕೈಲಿದ್ದ ಕ್ಷಯದ ಫಿಲ್ಮು ತಿಮ್ಮೇಗೌಡರದೇ ಇರಬೇಕು. ಜಟಕಾ ಹೊರಟಿದ್ದು ಮಧ್ಯಾಹ್ನ ನಾವು ಬಸ್ಸು ತಳ್ಳಿದ ಅದೇ ಮಾಚೇನಹಳ್ಳಿಗೆ! ನಾಳೆ ಹೋಗೋಣವೆಂದರೆ ಗಿರಿಜೆ ಕೇಳಲಿಲ್ಲ. "ಅವ್ರ ಮನೇಲೂ ಮಕ್ಳಿರ್ತಾರೆ ಕಣ್ರೀ" ಎಂದಳು.

ತಿಮ್ಮೇಗೌಡರು ಜಗಲಿಯಲ್ಲಿ ಮುದ್ದೆ ಉಣ್ಣುತ್ತಿದ್ದರು. ಒಂದೇ ತಟ್ಟೆಯಲ್ಲಿ ಪುಟ್ಟ ಮೊಮ್ಮಗಳೂ ಕೈ ಹಾಕಿದ್ದಳು. ವಿಷಯ ಪೂರ್ತಿ ಕೇಳದೆ, ಅವರು ಒಳಗಿಂದ ಫಿಲ್ಮು ತರಿಸಿ ಹೆಮ್ಮೆಯಿಂದ ತೋರಿಸಿದರು. ಲಾಟೀನಿನ ಬೆಳಕಿಗೆ ಹಿಡಿದರೆ, ಎದೆಯ ನಡುವೆ ತಾಳಿಯ ಎರಡು ಬಿಳಿ ಬೊಟ್ಟುಗಳು.

"ಏನೂ ಇಲ್ಲ ಅಂದ್ರು ಕಣ್ರೀ. ಇವ್ಳನ್ನ ಹತ್ರ ಸೇರಿಸ್ಕೊಳ್ಳೋಕೇ ಹೆದರ್ತಿದ್ದೆ. ಈಗ ನೆಮ್ಮದಿ," ಎಂದು ಕೆಮ್ಮಿದರು.

ದಾರಿಯುದ್ದಕ್ಕೂ ಎಕ್ಸ್‌ರೇಯವನಿಗೆ ಬೈಗುಳ ಪೋಣಿಸಿಕೊಂಡು ಬಂದಿದ್ದ ನಾನು ಫಿಲ್ಮನ್ನು ಕೆಳಗಿಟ್ಟೆ. ಗಿರಿಜೆಯೇ ಪಕ್ಕದಲ್ಲಿ ಕೂತು ಎಲ್ಲವನ್ನೂ ಮೆಲ್ಲಗೆ ಹೇಳಿದಳು. "ನಾಳೆ ಭದ್ರಾವತಿ ಡಾಕ್ಟ್ರ ಹತ್ರ ಹೋಗೋಣ ಗೌಡ್ರೇ. ನಾವೂ ಬರ್ತೀವಿ."

ಗೌಡರು ಮೊಮ್ಮಗಳ ಪುಟ್ಟ ಕೈಯನ್ನು ತಟ್ಟೆಯಿಂದ ಎತ್ತಿ, ತಮ್ಮ ಪಂಚೆಯ ತುದಿಯಿಂದ ಒಂದೊಂದೇ ಬೆರಳು ಒರೆಸಿ, "ಅವ್ವನ ಹತ್ರ ಹೋಗು ಮಗಾ" ಎಂದರು.