ಈ ವಾರ ಸಾಕಮ್ಮನ ಸರದಿ

ನಾಗಮಂಗಲದ ಒಂದು ಕೊಳೆಗೇರಿಗೆ ಸರ್ಕಾರಿ ಆಸ್ಪತ್ರೆಯ ಕಡೆಯಿಂದ ಬಿಪಿ ನೋಡಲು ಹೋಗಿದ್ದೆ. ಜಗಲಿಯ ಮೇಲೆ ನಾಲ್ವರು ಅಜ್ಜಿಯರು ಕೂತಿದ್ದರು. ಮೂವರದು ಇನ್ನೂರರ ಹತ್ತಿರ ಇತ್ತು, ಸಾಕಮ್ಮನದು ಮಾತ್ರ ನೂರಮೂವತ್ತು.

"ನೀವು ಮೂವರೂ ಮಾತ್ರೆ ತಗೊಳ್ಳಲ್ವಾ ಅಜ್ಜಿ?" ಎಂದು ಗದರಿದೆ.

"ತಗೊಳ್ದೆ ಏನು? ಈ ವಾರ ಸಾಕಮ್ಮಂದು ಸರದಿ ಕಣವ್ವ. ಮುಂದಿನ್ ವಾರ ನಂದು" ಅಂದರು ಪಕ್ಕದಲ್ಲಿದ್ದ ನಿಂಗಮ್ಮ.

ನನಗೆ ತಲೆಬುಡ ಗೊತ್ತಾಗಲಿಲ್ಲ. ಸಾಕಮ್ಮನೇ ಬಿಡಿಸಿ ಹೇಳಿದರು. ಆಸ್ಪತ್ರೆವರೆಗೆ ನಡೆಯುವ ಶಕ್ತಿ ಉಳಿದಿರುವುದು ಅವರೊಬ್ಬರಿಗೇ. ಹೋದವರಿಗಷ್ಟೇ ಮಾತ್ರೆ. ಹಾಗಾಗಿ ಅವರೊಬ್ಬರ ತಿಂಗಳ ಮಾತ್ರೆಯನ್ನು ನಾಲ್ವರೂ, ಬೀದಿ ನಲ್ಲಿಯ ನೀರು ಹಿಡಿಯುವಂತೆ ಸರದಿ ಮಾಡಿಕೊಂಡು, ವಾರಕ್ಕೊಬ್ಬರು ನುಂಗುತ್ತಿದ್ದರು.

"ಇವ್ರ್ನೆಲ್ಲ ಬುಟ್ಟು ನಾನೊಬ್ಳೇ ತಿಂದ್ರೆ ಗಂಟ್ಲಲ್ಲಿ ಇಳಿತದಾ?"

ಹೀಗೆ ಬಿಟ್ಟು ಬಿಟ್ಟು ನುಂಗಿದರೆ ಲಕ್ವ ಹೊಡೆಯುತ್ತೆ ಅಂತ ಕೂಗಾಡಿದೆ. ಮೈಯೆಲ್ಲ ಬೆವರಿ, ಅಲ್ಲೇ ಜಗಲಿಯ ಮೇಲೆ ಕುಸಿದು ಕೂತೆ.

ನಿಂಗಮ್ಮ ಸೆರಗಿನಿಂದ ಗಾಳಿ ಬೀಸುತ್ತಾ, "ನಿಂಗೂ ಬಿಪಿನೇ ಕಣವ್ವ. ಮುಂದಿನ್ ವಾರ ನನ್ ಮಾತ್ರೆ ನೀನೇ ತಗೊಂಡ್ಬುಡು" ಅಂದರು.

ಮನೆಗೇ ಮಾತ್ರೆ ತಲುಪಿಸಲು ನಾನು ಆ ಮೂವರ ಹೆಸರು ಬರೆದುಕೊಳ್ಳುವ ಮೊದಲೇ ಅವರು ನನ್ನನ್ನು ಸರದಿಗೆ ಸೇರಿಸಿಕೊಂಡಿದ್ದರು.