ಅಮ್ಮ ಚೀರಿದರೂ ತಲೆ ಎತ್ತದ ಮಗು

ಹೋದ ತಿಂಗಳು ಒಂದು ಮಧ್ಯಾಹ್ನ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಯೊಂದಕ್ಕೆ ರೇಷ್ಮೆಗೂಡಿನ ಚೀಲ ಇಳಿಸಿ ಬಾಗಿಲಲ್ಲೇ ನಿಂತಿದ್ದೆ. ಒಳಗೆ ಅಲ್ಲಿ ಕೆಲಸಕ್ಕಿದ್ದ ಸುಮಾ ಬೇಯುವ ಗೂಡುಗಳಿಂದ ಎಳೆ ಹುಡುಕುತ್ತಿದ್ದಳು. ನಾಲ್ಕು ವರ್ಷದ ಮಗಳು ಬಿಸಿನೀರಿನ ತೊಟ್ಟಿಯ ಹತ್ತಿರ ಬರಬಾರದೆಂದು ಮೊಬೈಲ್ ಕೊಟ್ಟು ಗೋಡೆಯ ಪಕ್ಕ ಕೂರಿಸಿದ್ದಳು.

ಮಗಳತ್ತ ಒಮ್ಮೆ ತಿರುಗಿ ನೋಡುವಾಗ ಸುಮಾಳ ಕೈ ಜಾರಿ, ಮಣಿಕಟ್ಟಿನವರೆಗೂ ಆ ನೀರಿನಲ್ಲಿ ಮುಳುಗಿತು. ಅವಳು ಚೀರಿದಳು. ಪಕ್ಕದ ತೊಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ನಸೀಮಾ ಓಡಿಬಂದರು. ಮಗು ತಲೆ ಎತ್ತಲಿಲ್ಲ. ಮೊಬೈಲಿನ ಸದ್ದನ್ನು ಇನ್ನಷ್ಟು ಜಾಸ್ತಿ ಮಾಡಿಕೊಂಡಿತು.

"ಅಮ್ಮನ ಕೈ ಬೆಂದುಹೋದ್ರೂ ನೋಡಲ್ವೇನಮ್ಮ ನೀನು!" ಎಂದು ನಸೀಮಾ ಮೊಬೈಲ್ ಕಿತ್ತುಕೊಳ್ಳಲು ಹೋದರು.

ತಣ್ಣೀರಿನ ಬಕೆಟ್‌ನಲ್ಲಿ ಕೈ ಇಟ್ಟುಕೊಂಡೇ ಸುಮಾ ತಡೆದಳು. "ಬೇಡ, ಬಿಡಕ್ಕಾ. ನೋಡಿದ್ರೆ ನನ್ನ ಹತ್ರ ಓಡಿ ಬರ್ತಿದ್ಲು, ಈ ಬಿಸಿನೀರಿಗೇ ಬೀಳ್ತಿದ್ಲು. ಮೊಬೈಲ್ ಬಿಟ್ಟು ಇನ್ನೇನ್ ಕೊಡ್ಲಿ ನಾನು ಅವಳ ಕೈಗೆ?"

ಇದನ್ನು ನನ್ನ ಜೊತೆ ಕಂಡ ನಸೀಮಾ ಈಗಲೂ ತಮ್ಮ ಅದೇ ತೊಟ್ಟಿಯ ಮುಂದೆ ಕೂರುತ್ತಾರೆ. ಅಷ್ಟು ಹತ್ತಿರವಿದ್ದ ಆ ಮಗು ಮಾತ್ರ ಏನನ್ನೂ ಕಾಣಲಿಲ್ಲ.